ತಳದ ಮೀನಿಗೂ ಒಂದು ಎಲೆ ಹಾಕಿ

ಮನೆಯಲ್ಲಿ ಮೀನು ಸಾಕುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಟ್ಯಾಂಕಿನ ತಳದಲ್ಲಿರೋ ಸಕ್ಕರ್‌ಗೆ, ಕೋರಿಗೆ ಬೇರೆ ಊಟ ಹಾಕಬೇಕಾ? ಮಿಕ್ಕಿದ್ದನ್ನ ತಿಂದುಕೊಂಡು ಇರ್ತಾವೆ ಅಂತ ಅಂಗಡಿಯವರು ಹೇಳಿದ್ರಲ್ಲ?" ಶಾಲೆಗೆ ಹೋಗುವ ಹುಡುಗರೂ ಕೇಳುತ್ತಾರೆ, ನಿವೃತ್ತಿಯಾದ ಮೇಲೆ ಹಜಾರದಲ್ಲಿ ಅಕ್ವೇರಿಯಂ ಇಟ್ಟುಕೊಂಡ ಹಿರಿಯರೂ ಕೇಳುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕಲೇಬೇಕು. ಅವಕ್ಕೆ ಒಪ್ಪುವ ಆಹಾರವನ್ನು, ಅವು ತಿನ್ನುವ ಹೊತ್ತಿಗೆ, ಅವು ತಿನ್ನುವ ಜಾಗದಲ್ಲಿ ಹಾಕಬೇಕು. ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಬಿಟ್ಟ ಕಮ್ಯುನಿಟಿ ಟ್ಯಾಂಕುಗಳಲ್ಲಿ ತಳದ ಮೀನುಗಳು ಕಾಯಿಲೆಯಿಂದ ಸಾಯುವುದಕ್ಕಿಂತ ಹೆಚ್ಚಾಗಿ ಮೆಲ್ಲಗೆ ಹಸಿವಿನಿಂದ ಸಾಯುತ್ತವೆ ಎಂಬುದು ಇಷ್ಟು ಕಾಲ ನೋಡಿ ನನಗೆ ಬಂದಿರುವ ಅಭಿಪ್ರಾಯ.

ನಂಬಿಕೆ ಹುಟ್ಟುವುದು ಕೊಳ್ಳುವ ಹೊತ್ತಿನಲ್ಲೇ. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಿರಲಿ, ಚೆನ್ನೈನ ಕೊಳತ್ತೂರಿನ ಸಾಲು ಅಂಗಡಿಗಳಿರಲಿ, ಊರಿನ ಬಸ್ ನಿಲ್ದಾಣದ ಹಿಂದಿನ ಒಂದೇ ಒಂದು ಮೀನಂಗಡಿಯಿರಲಿ, ಎಲ್ಲ ಕಡೆ ನಡೆಯುವುದು ಒಂದೇ. ಎರಡಡಿ ಟ್ಯಾಂಕು, ಫಿಲ್ಟರು, ಬಣ್ಣದ ಕಲ್ಲು, ಗಪ್ಪಿ, ಏಂಜೆಲ್, ಟೆಟ್ರಾ ಎಲ್ಲವನ್ನೂ ಕಟ್ಟಿಕೊಟ್ಟ ಮೇಲೆ "ಒಂದು ಸಕ್ಕರ್ ಹಾಕ್ಕೊಳ್ಳಿ ಸಾರ್, ಗಾಜು ಕ್ಲೀನಾಗಿರುತ್ತೆ. ಎರಡು ಕೋರಿ ಬಿಟ್ಟರೆ ಕೆಳಗಿನ ಕಸ ಅವೇ ನೋಡಿಕೊಳ್ತಾವೆ" ಎಂಬ ಮಾತು ಬರುತ್ತದೆ. ಕೊಳ್ಳುವವರಿಗೂ ಅದು ಹಿತವೆನಿಸುತ್ತದೆ. ಟ್ಯಾಂಕ್ ತೊಳೆಯುವ ಕೆಲಸ ಕಡಿಮೆಯಾದರೆ ಯಾರಿಗೆ ಬೇಡ? ಹಾಗೆ ಆ ಮೀನು ಮನೆಗೆ ಬರುವಾಗಲೇ ಕೆಲಸದಾಳಾಗಿ ಬರುತ್ತದೆ, ಅದರ ಊಟದ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ.

ಮೊದಲು ಇವು ಯಾವ ಮೀನುಗಳೆಂದು ನೋಡೋಣ. ನಮ್ಮ ಅಂಗಡಿಗಳಲ್ಲಿ ತಳದ ಮೀನು ಎಂದರೆ ಹೆಚ್ಚಾಗಿ ಎರಡು ಬಗೆ. ಎರಡೂ ಕ್ಯಾಟ್‌ಫಿಶ್‌ಗಳೇ, ಎರಡೂ ದಕ್ಷಿಣ ಅಮೆರಿಕ ಮೂಲದವು. ಆದರೆ ಅವುಗಳ ಹೊಟ್ಟೆಪಾಡು ಬೇರೆ ಬೇರೆ. ಕೋರಿಡೋರಸ್, ಎಲ್ಲರ ಬಾಯಲ್ಲಿ ಕೋರಿ, ಐದಾರು ಸೆಂಟಿಮೀಟರಿನ ಪುಟ್ಟ ಮೀನು. ಮೈಯ ಎರಡೂ ಬದಿಗೆ ಹೆಂಚು ಹೊದಿಸಿದ ಹಾಗೆ ಗಟ್ಟಿ ಫಲಕಗಳ ಎರಡೆರಡು ಸಾಲು, ಬಾಯಿಯ ಸುತ್ತ ಮೀಸೆ. ಕಂಚಿನ ಬಣ್ಣದ ಕೋರಿಯನ್ನು 1858ರಲ್ಲಿ ಥಿಯೊಡೋರ್ ಗಿಲ್ ಟ್ರಿನಿಡಾಡ್ ದ್ವೀಪದ ಮೀನುಗಳನ್ನು ನೋಡಿ ವರ್ಣಿಸಿದರು. ಚುಕ್ಕೆ ಚುಕ್ಕೆಯ ಪೆಪ್ಪರ್ಡ್ ಕೋರಿಯ ಕಥೆ ಇನ್ನೂ ಹಿಂದಿನದು. ಬೀಗಲ್ ಹಡಗಿನ ಪಯಣದಲ್ಲಿ ಚಾರ್ಲ್ಸ್ ಡಾರ್ವಿನ್ ಸಂಗ್ರಹಿಸಿದ ಮೀನುಗಳಲ್ಲಿ ಅದೂ ಇತ್ತು, 1842ರಲ್ಲಿ ಲಿಯೊನಾರ್ಡ್ ಜೆನಿನ್ಸ್ ಅದಕ್ಕೆ ಹೆಸರಿಟ್ಟರು. ಹೊಳೆಯ ತಳದಲ್ಲಿ ಹುಳು, ಕೀಟಗಳ ಮರಿ, ಸಣ್ಣ ಸೀಗಡಿಯಂಥ ಜೀವಿಗಳನ್ನು ಕೆದಕಿ ತಿನ್ನುವುದು ಕೋರಿಯ ಬದುಕು. ಅಂದರೆ ಅದಕ್ಕೆ ಬೇಕಾದದ್ದು ಮಾಂಸಾಹಾರವೇ ಹೆಚ್ಚಿರುವ ಊಟ. ಪಾಚಿಯನ್ನು ಅದು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಸಕ್ಕರ್ ಇದಕ್ಕೆ ತದ್ವಿರುದ್ಧ. ಅದರ ಬಾಯಿ ತಟ್ಟೆಯಂತೆ ಅಗಲ, ಒಳಗೆ ಉಜ್ಜುವುದಕ್ಕೆಂದೇ ಇರುವ ಸಣ್ಣ ಹಲ್ಲುಗಳ ಸಾಲು. ಕಲ್ಲು, ಮರದ ದಿಮ್ಮಿ, ಗಾಜಿಗೆ ಕಚ್ಚಿಕೊಂಡು ಮೇಲಿನ ಪಾಚಿಯ ಪದರವನ್ನು ಕೆರೆದು ತಿನ್ನುತ್ತದೆ. ಸಸ್ಯಾಹಾರವೇ ಅದರ ಮುಖ್ಯ ಆಹಾರ. ಆದರೆ ಹೊಸ ಟ್ಯಾಂಕಿನ ಗಾಜಿನ ಮೇಲೆ ಎಷ್ಟು ಪಾಚಿ ಇದ್ದೀತು? ಹಸಿದ ಸಕ್ಕರ್ ಒಂದು ವಾರದಲ್ಲಿ ಅದನ್ನೆಲ್ಲ ಮುಗಿಸಿಬಿಡುತ್ತದೆ. ಆಮೇಲೆ ಮನೆಯವರು "ಎಷ್ಟು ಚೆನ್ನಾಗಿ ಕ್ಲೀನ್ ಮಾಡಿದೆ ನೋಡಿ" ಎಂದು ಮೆಚ್ಚುತ್ತಿರುತ್ತಾರೆ, ಮೀನಿಗೆ ಅಂದಿನಿಂದ ಉಪವಾಸ. ಇನ್ನೊಂದು ಮಾತನ್ನೂ ಇಲ್ಲೇ ಸ್ಪಷ್ಟಪಡಿಸಬೇಕು. ಕೋರಿಯಾಗಲಿ ಸಕ್ಕರ್ ಆಗಲಿ ಬೇರೆ ಮೀನುಗಳ ಮಲವನ್ನು ತಿಂದು ಬದುಕುವುದಿಲ್ಲ. ಸಕ್ಕರ್ ಅಂತೂ ತಾನೇ ಉದ್ದುದ್ದ ಎಳೆಯಾಗಿ ಧಾರಾಳ ಮಲ ಹಾಕುವ ಮೀನು. "ಸಕ್ಕರ್ ಬಿಟ್ಟ ಮೇಲೆ ಟ್ಯಾಂಕು ಇನ್ನೂ ಗಲೀಜಾಯ್ತಲ್ಲ" ಎಂದು ದೂರುವವರು ಕಂಡದ್ದು ನಿಜವನ್ನೇ.

ಸರಿ, ಮೇಲಿನ ಮೀನುಗಳಿಗೆ ಹಾಕಿದ್ದರಲ್ಲಿ ಮಿಕ್ಕಿದ್ದು ಕೆಳಗೆ ಬೀಳುವುದಿಲ್ಲವೇ? ಊಟ ಹಾಕುವಾಗ ಒಮ್ಮೆ ಗಾಜಿನ ಪಕ್ಕದಲ್ಲಿ ಕುಳಿತು ನೋಡಿ. ತೇಲುವ ಕಾಳು ನೀರಿಗೆ ಬಿದ್ದ ಗಳಿಗೆಯಲ್ಲೇ ಗಪ್ಪಿ, ಬಾರ್ಬ್‌ಗಳು ಮುತ್ತಿಕೊಳ್ಳುತ್ತವೆ. ನೆನೆದು ಇಳಿಯತೊಡಗಿದ್ದನ್ನು ನಡುನೀರಿನಲ್ಲೇ ಟೆಟ್ರಾಗಳು, ಏಂಜೆಲ್‌ಗಳು ಹಿಡಿಯುತ್ತವೆ. ಅವುಗಳ ಕಣ್ಣು ತಪ್ಪಿಸಿ ತಳ ಮುಟ್ಟಿದ ಒಂದೆರಡು ಚೂರುಗಳು ಬಣ್ಣದ ಕಲ್ಲುಗಳ ಸಂದಿಗೆ ಜಾರಿ, ಕೋರಿಯ ಮೂತಿಗೆ ಎಟುಕದ ಆಳದಲ್ಲಿ ಕೊಳೆಯುತ್ತವೆ. ಊಟದ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವರ ಎಲೆಗೆ ತಿಳಿಸಾರು ಮಾತ್ರ ಬಂದು, ಪಾಯಸ ಬರುವ ಹೊತ್ತಿಗೆ ಪಾತ್ರೆ ಬರಿದಾಗುತ್ತದಲ್ಲ, ಇಲ್ಲಿ ಅಷ್ಟೂ ಇಲ್ಲ. ಇಲ್ಲಿ ಕೊನೆಯ ಪಂಕ್ತಿಗೆ ಎಲೆಯನ್ನೇ ಹಾಕಿರುವುದಿಲ್ಲ. ಮಿಕ್ಕಿದ್ದರಲ್ಲಿ ತಳದ ಮೀನು ಬದುಕುತ್ತದೆ ಎನ್ನಬೇಕಾದರೆ ಮೇಲಿನ ಮೀನುಗಳಿಗೆ ಅತಿಯಾಗಿ ಸುರಿಯುತ್ತಿರಬೇಕು. ಅದು ನೀರು ಕೆಡಿಸುವ ದಾರಿ.

ಕೋರಿ ಊಟ ಹುಡುಕುವುದನ್ನು ನೋಡುವುದಕ್ಕೆಂದೇ ನಾನು ಎಷ್ಟೋ ಸಂಜೆಗಳನ್ನು ಟ್ಯಾಂಕಿನ ಮುಂದೆ ಕಳೆದಿದ್ದೇನೆ. ನುಣ್ಣನೆ ಮರಳು ಹಾಸಿದ ತಳದಲ್ಲಿ ಅದು ಮೂತಿಯನ್ನು ಕಣ್ಣಿನವರೆಗೆ ಹೂತು, ಒಂದು ತುತ್ತು ಮರಳನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಕ್ಷಣದಲ್ಲೇ ಆ ಮರಳು ಕಿವಿರಿನ ಎರಡು ಬದಿಯಿಂದ ಹೊಗೆಯಂತೆ ಹೊರಬರುತ್ತದೆ, ಒಳಗಿದ್ದ ಹುಳು ಮಾತ್ರ ಬಾಯಲ್ಲಿ ಉಳಿಯುತ್ತದೆ. ಮುಂದಕ್ಕೆ ಎರಡಿಂಚು ಸರಿದು ಮತ್ತೆ ಅದೇ. ಮೀಸೆಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅವು ರುಚಿ ನೋಡುವ ಅಂಗಗಳು. ಕ್ಯಾಟ್‌ಫಿಶ್‌ಗಳಿಗೆ ರುಚಿಮೊಗ್ಗುಗಳು ನಾಲಿಗೆಯ ಜಾಗಕ್ಕೆ ಸೀಮಿತವಲ್ಲ. ತುಟಿ, ಮೀಸೆ, ಮೈತೊಗಲಿನ ಮೇಲೆಲ್ಲ ಹರಡಿವೆ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ನ ಮೈಮೇಲೆ ಲಕ್ಷಕ್ಕೂ ಮೀರಿ ಇವೆ. ಹಾಗಾಗಿ ಕತ್ತಲಲ್ಲೂ, ಕದಡಿದ ನೀರಲ್ಲೂ ಊಟವೆಲ್ಲಿದೆ ಎಂದು ಅವುಗಳಿಗೆ ಗೊತ್ತಾಗುತ್ತದೆ. ಈ ಮೀಸೆ ಸವೆದರೆ ಅರ್ಧ ಬದುಕು ಹೋದಂತೆ. ಚೂಪು ಕಲ್ಲು ಮತ್ತು ಅದರ ನಡುವೆ ಕೊಳೆಯುವ ಆಹಾರ ಎರಡೂ ಸೇರಿ ಮೀಸೆಯನ್ನು ಮೊಂಡು ಮಾಡುತ್ತವೆ. ಕೋರಿ ಸಾಕುವ ಆಸೆಯಿದ್ದರೆ ನೀಲಿ, ಕೆಂಪು ಬಣ್ಣ ಬಳಿದ ಕಲ್ಲನ್ನು ಅಂಗಡಿಯಲ್ಲೇ ಬಿಟ್ಟು, ಚೆನ್ನಾಗಿ ತೊಳೆದ ನುಣುಪು ಮರಳನ್ನು ಹಾಸಿ. ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ. ಅಂದಹಾಗೆ ಕೋರಿ ಆಗಾಗ ಬಾಣದಂತೆ ಮೇಲಕ್ಕೆ ಹಾರಿ ಗಾಳಿ ನುಂಗಿ ಬರುತ್ತದೆ. ಊಟ ಕೇಳುತ್ತಿದೆ ಎಂದು ಕೆಲವರು ಕಾಳು ಹಾಕುತ್ತಾರೆ. ನುಂಗಿದ ಗಾಳಿಯಿಂದ ಕರುಳಿನ ಮೂಲಕ ಆಮ್ಲಜನಕ ಹೀರಿಕೊಳ್ಳುವ ಮೀನು ಅದು. ಅಪರೂಪಕ್ಕೊಮ್ಮೆ ಹೀಗೆ ಮಾಡಿದರೆ ಸಹಜ. ಬಿಟ್ಟೂಬಿಡದೆ ಮಾಡಿದರೆ ನೀರನ್ನು ಪರೀಕ್ಷಿಸಬೇಕು.

ಹಸಿವನ್ನು ಗುರುತಿಸುವುದು ಹೇಗೆ? ಸಕ್ಕರ್ ಗಾಜಿಗೆ ಅಂಟಿಕೊಂಡಾಗ ಅದರ ಹೊಟ್ಟೆ ನಮ್ಮ ಕಣ್ಣಿಗೆ ನೇರ ಕಾಣುತ್ತದೆ. ತುಸು ಉಬ್ಬಿದ್ದರೆ ಕ್ಷೇಮ, ಚಪ್ಪಟೆಯಾಗಿದ್ದರೆ ಎಚ್ಚರಿಕೆ, ಒಳಕ್ಕೆ ಗುಳಿ ಬಿದ್ದಿದ್ದರೆ ಬಹಳ ದಿನದಿಂದ ಊಟ ಸಿಕ್ಕಿಲ್ಲ. ಕಣ್ಣು ಗುಳಿಬಿದ್ದಿದ್ದರಂತೂ ತಡ ಮಾಡುವ ಹಾಗೇ ಇಲ್ಲ. ಕೋರಿಯನ್ನು ಪಕ್ಕದಿಂದ ನೋಡಬೇಕು. ಎದೆಯ ಈಜುರೆಕ್ಕೆಯ ಹಿಂದೆ ಹೊಟ್ಟೆ ದುಂಡಗೆ ಕೆಳಗಿಳಿದಿರಬೇಕು. ಮೈಗೆ ಗಟ್ಟಿ ಫಲಕದ ಹೊದಿಕೆ ಇರುವುದರಿಂದ ಅದು ಸೊರಗಿದ್ದು ಬೇಗ ಕಣ್ಣಿಗೆ ಬೀಳುವುದಿಲ್ಲ. ಹಸಿವಿನ ಇನ್ನೊಂದು ಗುರುತನ್ನು ಪರಿಚಿತರೊಬ್ಬರ ಮನೆಯಲ್ಲಿ ಕಂಡೆ. ಅವರ ಗೋಲ್ಡ್‌ಫಿಶ್‌ನ ಪಕ್ಕೆಯಲ್ಲಿ ಹುರುಪೆ ಕಿತ್ತು ಬಿಳಿಚಿದ ಗುಂಡು ಗಾಯಗಳಿದ್ದವು. ಕಾಯಿಲೆಯೆಂದು ಔಷಧ ಹಾಕಿ ಹಾಕಿ ಸೋತಿದ್ದರು. ರಾತ್ರಿ ದೀಪ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಬಿಟ್ಟು ನೋಡಿದರೆ, ಅದೇ ಟ್ಯಾಂಕಿನ ಸಕ್ಕರ್ ಮಲಗಿದ್ದ ಗೋಲ್ಡ್‌ಫಿಶ್‌ನ ಮೈಗೆ ಕಚ್ಚಿಕೊಂಡು ಲೋಳೆ ಉಜ್ಜುತ್ತಿತ್ತು. ಅದಕ್ಕೆ ಬೇರೆ ಊಟವೇ ಹಾಕುತ್ತಿರಲಿಲ್ಲ. ಎರಡನ್ನೂ ಬೇರೆ ಮಾಡಿ, ಸಕ್ಕರ್‌ಗೆ ದಿನವೂ ಊಟ ಸಿಗುವ ಹಾಗೆ ಮಾಡಿದ ಮೇಲೆ ಗೋಲ್ಡ್‌ಫಿಶ್ ಗಾಯ ಮಾಯ್ದಿತು. ದೂರು ಮೀನಿನ ಮೇಲೆ ಬರುತ್ತದೆ, ಆದರೆ ಅದಕ್ಕೆ ಬೇರೆ ದಾರಿ ಏನಿತ್ತು?

ಹಾಕುವ ಕ್ರಮಕ್ಕೆ ಬರೋಣ. ಡಬ್ಬಿಯ ಮೇಲೆ "ಸಿಂಕಿಂಗ್" ಎಂದಿರುವ, ಅಂದರೆ ಮುಳುಗುವ ಕಾಳನ್ನೇ ಕೊಳ್ಳಿ. ಬಿಲ್ಲೆಯ ಆಕಾರದಲ್ಲಿ ಬರುವುದಕ್ಕೆ ವೇಫರ್ ಎನ್ನುತ್ತಾರೆ. ಕೋರಿಗೆ ಸೀಗಡಿ ಅಥವಾ ಮೀನಿನ ಪುಡಿ ಹೆಚ್ಚಿರುವುದು, ಸಕ್ಕರ್‌ಗೆ ಸ್ಪಿರುಲಿನಾ ಅಥವಾ ಪಾಚಿ ಹೆಚ್ಚಿರುವುದು. ಸಂಜೆ ಮೊದಲು ಟ್ಯಾಂಕಿನ ಒಂದು ತುದಿಯಲ್ಲಿ ಮೇಲಿನ ಮೀನುಗಳಿಗೆ ತೇಲುವ ಊಟ ಹಾಕಿ, ಅವು ಅಲ್ಲಿ ಮುತ್ತಿಕೊಂಡಿರುವಾಗ ಇನ್ನೊಂದು ತುದಿಯಲ್ಲಿ ಕೋರಿಗೆ ಮುಳುಗುವ ಕಾಳನ್ನು ಎರಡು ಮೂರು ಕಡೆ ಉದುರಿಸಿ. ಒಂದೇ ಕಡೆ ಹಾಕಿದರೆ ಗುಂಪಿನಲ್ಲಿ ಬಲವಾದದ್ದು ಮಾತ್ರ ತಿನ್ನುತ್ತದೆ. ಕೋರಿಗಳು ಗುಂಪಿನಲ್ಲಿದ್ದರೇ ಧೈರ್ಯವಾಗಿ ಹೊರಬಂದು ತಿನ್ನುವುದು. ಆರಕ್ಕಿಂತ ಕಡಿಮೆ ಸಾಕಬೇಡಿ ಎನ್ನುವುದು ಇದಕ್ಕೇ. ಒಂಟಿ ಕೋರಿ ಗಿಡದ ಹಿಂದೆ ಅಡಗಿಕೊಂಡೇ ಸೊರಗುತ್ತದೆ. ಸಕ್ಕರ್ ನಿಶಾಚರಿ. ಅದಕ್ಕೆ ಟ್ಯಾಂಕಿನ ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ, ಬೇರೆ ಮೀನುಗಳು ಮಂಕಾದಾಗ, ಅದು ಹಗಲಲ್ಲಿ ಅವಿತುಕೊಳ್ಳುವ ದಿಮ್ಮಿಯ ಬಳಿ ವೇಫರ್ ಹಾಕಿ. ಈ ಅರ್ಧ ಗಂಟೆ ಕಾಯುವುದೇ ಇಡೀ ಕ್ರಮದ ಗುಟ್ಟು. ಕಾಯದೆ ಹಾಕಿದರೆ ಬಾರ್ಬ್‌ಗಳು ವೇಫರ್ ಅನ್ನೂ ಎಳೆದಾಡಿ ಮುಗಿಸುತ್ತವೆ.

ವಾರಕ್ಕೆ ಒಂದೆರಡು ದಿನ ಕಾಳನ್ನು ಬಿಟ್ಟು ಬೇರೆ ಕೊಡಿ. ಕೋರಿಗೆ ಬ್ಲಡ್‌ವರ್ಮ್ ಎಂದರೆ ಪ್ರಾಣ. ಶೀತಲೀಕರಿಸಿದ ಬಿಲ್ಲೆಯನ್ನು ಲೋಟದ ನೀರಿನಲ್ಲಿ ಕರಗಿಸಿ ತಳಕ್ಕೆ ಬಿಟ್ಟರೆ ಟ್ಯಾಂಕಿನ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತವೆ. ಜೀವಂತ ಟ್ಯೂಬಿಫೆಕ್ಸ್ ಹುಳು ಬೇಡವೆಂದೇ ನನ್ನ ಸಲಹೆ. ಕೊಳಚೆ ಹರಿವ ಜಾಗಗಳಲ್ಲಿ ಹಿಡಿದು ತರುವ ಆ ಹುಳು ರೋಗವನ್ನೂ ತರುತ್ತದೆ. ಒಣಗಿದ ಟ್ಯೂಬಿಫೆಕ್ಸ್ ತುಂಡು ತೇಲುತ್ತದೆ, ತಳದವರಿಗೆ ಉಪಯೋಗವಿಲ್ಲ. ನೆನೆಸಿ, ಗಾಜಿನ ಒಳಬದಿಗೆ ಕೆಳಗಡೆ ಒತ್ತಿ ಅಂಟಿಸಿದರೆ ಮಾತ್ರ ಪ್ರಯೋಜನ. ಸಕ್ಕರ್‌ಗೆ ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿದೆ. ಎಳೆ ಸೌತೆಕಾಯಿಯ ಸಿಪ್ಪೆ ತೆಗೆದು ಅರ್ಧ ಇಂಚಿನ ಬಿಲ್ಲೆ ಕೊಯ್ದು, ಕುದಿನೀರಲ್ಲಿ ಒಂದೆರಡು ನಿಮಿಷ ಹಾಕಿ ತಣಿಸಿ. ಹಸಿಯಾದರೆ ತೇಲುತ್ತದೆ, ಸ್ಟೀಲಿನ ಫೋರ್ಕ್‌ಗೆ ಚುಚ್ಚಿ ಇಳಿಬಿಟ್ಟರೆ ತಳದಲ್ಲೇ ನಿಲ್ಲುತ್ತದೆ. ಸಿಪ್ಪೆ ಸುಲಿದು ಬೇಯಿಸಿದ ಬಟಾಣಿ, ಪಾಲಕ್ ಎಲೆ, ಸಿಹಿಗುಂಬಳದ ಹೋಳು ಎಲ್ಲವೂ ಆಗುತ್ತವೆ. ಉಪ್ಪು, ಎಣ್ಣೆ, ಒಗ್ಗರಣೆ ಸೋಕಿರಬಾರದು. ತರಕಾರಿಗೆ ಸಿಂಪಡಿಸಿದ ಕೀಟನಾಶಕ ಮೀನಿಗೆ ವಿಷ, ಹಾಗಾಗಿ ತೊಳೆಯುವುದರಲ್ಲಿ ಜಿಪುಣತನ ಬೇಡ. ರಾತ್ರಿ ಹಾಕಿದ್ದನ್ನು ಬೆಳಗ್ಗೆ ಎದ್ದ ಕೂಡಲೇ ತೆಗೆಯಿರಿ. ಮಂಗಳೂರು, ರಾಯಚೂರಿನ ಬೇಸಿಗೆಯಲ್ಲಿ ಸೌತೆ ಹೋಳು ಒಂದೇ ರಾತ್ರಿಯಲ್ಲಿ ಲೋಳೆಗಟ್ಟುತ್ತದೆ.

ಇಷ್ಟು ಓದಿ ಕೆಲವರು ಮುಷ್ಟಿ ತುಂಬ ವೇಫರ್ ಸುರಿಯುವ ಅಪಾಯವಿದೆ. ದಯವಿಟ್ಟು ಬೇಡ. ಆರು ಕೋರಿಗಳಿಗೆ ರೂಪಾಯಿ ನಾಣ್ಯದಗಲದ ಒಂದು ವೇಫರ್ ಒಂದು ಹೊತ್ತಿಗೆ ಧಾರಾಳವಾಗುತ್ತದೆ. ಎರಡು ಗಂಟೆಯಾದ ಮೇಲೂ ಮಿಕ್ಕಿದ್ದರೆ ಪೈಪಿನಿಂದ ಎಳೆದು ತೆಗೆದು, ಮರುದಿನ ಅರ್ಧ ಹಾಕಿ. ವಾರದಲ್ಲಿ ಒಂದು ದಿನ ಏನೂ ಹಾಕದಿದ್ದರೂ ಆರೋಗ್ಯವಾದ ಮೀನಿಗೆ ತೊಂದರೆಯಿಲ್ಲ. ಮಿಕ್ಕ ಆಹಾರ ಕೊಳೆತರೆ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಅದರ ಶಕ್ತಿಗೂ ಮಿತಿಯಿದೆ. ಇಲ್ಲಿ ನಮ್ಮ ಊರಿನ ನೀರಿನ ಮಾತು ಬರುತ್ತದೆ. ಬೋರ್‌ವೆಲ್ ನೀರು ಬಹಳ ಕಡೆ ಗಡುಸು, ಅದರ ಪಿಎಚ್ ಕೂಡ ಸಾಮಾನ್ಯವಾಗಿ ಏಳಕ್ಕಿಂತ ಮೇಲೆ. ನೀರಿನಲ್ಲಿರುವ ಒಟ್ಟು ಅಮೋನಿಯ ಅಷ್ಟೇ ಇದ್ದರೂ ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ಅದರಲ್ಲಿನ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಆ ವಿಷ ಮೊದಲು ತಟ್ಟುವುದು ಕೊಳೆತದ್ದರ ಪಕ್ಕದಲ್ಲೇ ಮಲಗುವ ತಳದ ಮೀನಿಗೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಕಾವೇರಿ ನೀರಾದರೆ ಕ್ಲೋರಿನ್ ನಿವಾರಕ ಹಾಕಿಯೇ ಬಳಸಿ.

ಜೊತೆಗಾರರನ್ನು ಆರಿಸುವಾಗಲೂ ಊಟದ ಲೆಕ್ಕ ಇರಲಿ. ತಳದಲ್ಲಿ ಕೋರಿಯ ಜೊತೆ ಚುರುಕಾದ ಲೋಚ್‌ಗಳನ್ನು ಬಿಟ್ಟರೆ ಕೋರಿ ಸೋಲುತ್ತದೆ. ಜೀಬ್ರಾ ಲೋಚ್ ಹೆಸರಲ್ಲಿ ಮಾರುವ ಪಟ್ಟೆ ಮೀನು ನಮ್ಮದೇ ಪಶ್ಚಿಮ ಘಟ್ಟದ್ದು. ತುಂಗಾ ನದಿಯಲ್ಲಿ ಸಿಕ್ಕ ಅದನ್ನು 1920ರಲ್ಲಿ ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಪ್ರಾಣಿವಿಜ್ಞಾನಿ ಸಿ.ಆರ್. ನಾರಾಯಣ ರಾವ್. ಇಂದು ಅದು ಅಳಿವಿನಂಚಿನಲ್ಲಿದೆ. ಅಂಥ ಮೀನು ಹೊಳೆಯಲ್ಲೇ ಇರಲಿ ಎಂಬುದು ನನ್ನ ಆಸೆ. ಶಾರ್ಕ್ ಎಂದು ಕರೆದು ಮಾರುವ ಪಂಗಾಸಿಯಸ್ ಮತ್ತು ಕೆಂಪು ಬಾಲದ ರೆಡ್‌ಟೇಲ್ ಕ್ಯಾಟ್‌ಫಿಶ್‌ಗಳ ಮರಿಗಳು ಮುದ್ದಾಗಿರುತ್ತವೆ, ಎರಡೂ ಒಂದು ಮೀಟರ್ ದಾಟಿ ಬೆಳೆಯುವ ಮೀನುಗಳು. ರೆಡ್‌ಟೇಲ್ ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಮನೆಯ ಟ್ಯಾಂಕಿಗೆ ಅವು ಹೇಳಿದವಲ್ಲ.

ಸಕ್ಕರ್ ಕೂಡ ಬೆಳೆಯುತ್ತದೆ. ಅಂಗಡಿಯಲ್ಲಿ ಬೆರಳುದ್ದ ಇರುವ ಸಾಮಾನ್ಯ ಸಕ್ಕರ್ ಚೆನ್ನಾಗಿ ತಿಂದರೆ ಒಂದಡಿ ಮೀರುತ್ತದೆ. ಎರಡಡಿ ಟ್ಯಾಂಕಿನಲ್ಲಿ ಅದು ತಿರುಗುವುದೂ ಕಷ್ಟ. ಊಟ ಹಾಕದೆ ಚಿಕ್ಕದಾಗಿಯೇ ಇಡುತ್ತೇವೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಅದು ಕ್ರೌರ್ಯ. ಸಣ್ಣ ಟ್ಯಾಂಕಿದ್ದವರು ಹನ್ನೆರಡು, ಹದಿಮೂರು ಸೆಂಟಿಮೀಟರಿಗೆ ನಿಲ್ಲುವ ಬ್ರಿಸಲ್‌ನೋಸ್ ಜಾತಿಯನ್ನು ಕೇಳಿ ತನ್ನಿ. ಬೆಲೆ ಸ್ವಲ್ಪ ಹೆಚ್ಚು, ಆದರೆ ಪಾಚಿ ತಿನ್ನುವುದರಲ್ಲೂ ಅದೇ ಮೇಲು. ದೊಡ್ಡ ಸಕ್ಕರ್ ಈಗಾಗಲೇ ಮನೆಯಲ್ಲಿದ್ದು ಸಾಕಲು ಆಗದಿದ್ದರೆ ಕೊಂಡ ಅಂಗಡಿಗೇ ಹಿಂದಿರುಗಿಸಿ, ಇಲ್ಲವೇ ದೊಡ್ಡ ಟ್ಯಾಂಕಿರುವವರಿಗೆ ಕೊಡಿ. ಕೆರೆಗೋ ಹೊಳೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದುಕೊಳ್ಳಬೇಡಿ. ಹಾಗೆ ಬಿಟ್ಟ ಸಕ್ಕರ್‌ಗಳು ಕೇರಳದ ಕಾಲುವೆಗಳಲ್ಲಿ, ಪೂರ್ವ ಕೋಲ್ಕತ್ತದ ಜೌಗುಪ್ರದೇಶದಲ್ಲಿ, ಆಂಧ್ರದ ಕೆರೆಗಳಲ್ಲಿ ಹಬ್ಬಿ, ದಂಡೆಗೆ ಬಿಲ ಕೊರೆದು ಮರಿ ಮಾಡಿ, ಬಡ ಬೆಸ್ತರ ಬಲೆಗಳನ್ನು ತಮ್ಮ ಗಡುಸು ಮುಳ್ಳುಗಳಿಂದ ಹರಿಯುತ್ತಿವೆ. ಗಾಳಿ ನುಂಗಿ ಬದುಕಬಲ್ಲ ಅವು ಕೊಳಕು ನೀರಿನಲ್ಲೂ ಸಾಯುವುದಿಲ್ಲ. ಒಮ್ಮೆ ಕೆರೆ ಸೇರಿದರೆ ಹಿಡಿದು ಮುಗಿಸುವುದು ಆಗದ ಮಾತು. ನಮ್ಮ ಕೆರೆಗಳಿಗೆ ಆಫ್ರಿಕನ್ ಕ್ಯಾಟ್‌ಫಿಶ್ ಕೊಟ್ಟಿರುವ ಕಾಟವೇ ಸಾಕಷ್ಟಿದೆ. ನಿಮ್ಮ ಮನೆಯ ಸಕ್ಕರ್ ಅದರ ಜೊತೆ ಸೇರದಿರಲಿ.